ಚಕ್ರವೇರಿದ ಚೆಂಡಾಟ

ಜರ್ಮನಿಯಲ್ಲಿ ಸಂಸಾರ ಹೂಡಿದ ನನಗೆ ಇಲ್ಲಿನ ‘ರಾಡ್‌ಬಾಲ್’, ಅಂದರೆ ಸೈಕಲ್ ಚೆಂಡಾಟ, ಮೊದಲು ಸರ್ಕಸ್ಸಿನಂತೆಯೇ ತೋರಿತು. ತಂಡಕ್ಕೆ ಇಬ್ಬರೇ ಆಟಗಾರರು, ಬ್ರೇಕಿಲ್ಲದ ಸೈಕಲ್ಲು, 7 ನಿಮಿಷಗಳ ಎರಡು ಅವಧಿ. ಕಾಲು ನೆಲಕ್ಕೆ ಸೋಕದಂತೆ, ಮುಂದಿನ ಚಕ್ರದಿಂದಲೇ ಚೆಂಡನ್ನು ಗೋಲಿನತ್ತ ಚಿಮ್ಮಿಸುವ ಕೌಶಲ ಅಚ್ಚರಿಯದು.

1893ರಲ್ಲಿ ಇದನ್ನು ರೂಪಿಸಿದವನು ಜರ್ಮನ್ ಮೂಲದ ಅಮೆರಿಕನ್ ನಿಕ್ ಕಾಫ್‌ಮನ್. ಆಟ ಬೇರುಬಿಟ್ಟದ್ದು ಮಾತ್ರ ಮಧ್ಯ ಯೂರೋಪಿನಲ್ಲಿ. ಚೆಕೊಸ್ಲೊವಾಕಿಯಾದ ಪೊಸ್ಪಿಶಿಲ್ ಸಹೋದರರು 1965ರಿಂದ 1988ರವರೆಗಿನ ಅವಧಿಯಲ್ಲಿ 20 ಬಾರಿ ವಿಶ್ವವಿಜೇತರಾದರು. ವಿಶ್ವಕಪ್ ಸರಣಿಯ ಋತುವಿನಲ್ಲಿ ತಂಡಗಳು ದೇಶದಿಂದ ದೇಶಕ್ಕೆ ಸಂಚರಿಸಿ, ಪಂದ್ಯಾವಳಿಗಳಲ್ಲಿ ಅಂಕ ಕೂಡಿಸಿ, ಅಂತಿಮ ಸುತ್ತಿಗೆ ಅರ್ಹತೆ ಗಳಿಸುತ್ತವೆ.

ಒಲಿಂಪಿಕ್ಸ್‌ನಲ್ಲಿ ಸ್ಥಾನವಿಲ್ಲದ ಈ ಆಟವನ್ನು ಉಳಿಸಿರುವುದು ಸಣ್ಣ ಊರುಗಳ ಕ್ಲಬ್ಬುಗಳು. ಅಲ್ಲಿ ಹಿರಿಯರು ಕಿರಿಯರಿಗೆ ಕಲಿಸುವ ಸಂಜೆಗಳು. ಹುಟ್ಟಿದ ನೆಲದಿಂದ ದೂರ ಬಂದ ನಮ್ಮ ನುಡಿಗೂ ಬೇರೆ ಆಸರೆಯುಂಟೆ? ಸಮ್ಮೇಳನ ಎರಡು ವರ್ಷಕ್ಕೊಮ್ಮೆ. ಮಕ್ಕಳೊಡನೆ ಕನ್ನಡವಾಡಬೇಕಾದದ್ದು ದಿನದಿನವೂ.