ಕೇಳದೆ ಏಳುವ ಪ್ರೋಗ್ರಾಂಗಳು

ಮನೆಯ ಕಂಪ್ಯೂಟರ್ ನಿಧಾನವಾಗಿದೆ ಎಂದು ಗೊಣಗಿದರೆ ಸಿಗುವ ಮೊದಲ ಸಲಹೆ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ನೋಡಿ ಎಂಬುದು. ನೋಡಿದವರಿಗೆ ಗಾಬರಿಯಾಗುವುದು ಸಹಜ. ಪರದೆಯ ಮೇಲೆ ಏನೂ ತೆರೆದಿರುವುದಿಲ್ಲ, ಪಟ್ಟಿ ಮಾತ್ರ ಮುಗಿಯುವುದೇ ಇಲ್ಲ; ಅದರಲ್ಲೂ ‘ಸರ್ವಿಸ್ ಹೋಸ್ಟ್’ ಎಂಬ ಒಂದೇ ಹೆಸರು ಹತ್ತಾರು ಸಲ. ಇದೆಲ್ಲ ಕಸ ಎಂದುಕೊಂಡು ಸಿಕ್ಕಿದ್ದನ್ನು ಮುಚ್ಚಲು ಹೊರಡುವವರು ಎಡವುವುದು ಇಲ್ಲೇ. ವೈಫೈ ಹಿಡಿಯುವುದು, ಸದ್ದು ಹೊರಡಿಸುವುದು ಮುಂತಾದ ಒಳಗೆಲಸಗಳನ್ನು ವಿಂಡೋಸ್ ಮೊದಲು ಗುಂಪುಗುಂಪಾಗಿ ನಡೆಸುತ್ತಿತ್ತು. 2017ರ ವಿಂಡೋಸ್ 10 ಆವೃತ್ತಿಯಿಂದೀಚೆಗೆ, 3.5 ಜಿಬಿಗಿಂತ ಹೆಚ್ಚು ರ‍್ಯಾಮ್ ಇರುವ ಯಂತ್ರಗಳಲ್ಲಿ, ಅವುಗಳಲ್ಲಿ ಬಹುಪಾಲನ್ನು ಬಿಡಿಬಿಡಿಯಾಗಿ ನಡೆಸುತ್ತಿದೆ. ಒಂದು ಕೆಟ್ಟರೆ ಜೊತೆಗಿದ್ದವೂ ಬೀಳಬಾರದೆಂಬುದು ಉದ್ದೇಶ. ಸಾಲು ಹೆಚ್ಚಿತು, ಕೆಲಸ ಅಷ್ಟೇ ಉಳಿಯಿತು. ಹಾಗಾಗಿ ಹಿನ್ನೆಲೆಯಲ್ಲಿ ಎಷ್ಟು ಪ್ರೋಗ್ರಾಂಗಳಿವೆ ಎಂಬ ಲೆಕ್ಕದಿಂದ ತಿಳಿಯುವುದು ಕಡಿಮೆ. ಒಂದೊಂದನ್ನೂ ಎಬ್ಬಿಸಿದವರು ಯಾರು, ಯಾರ ಕೆಲಸಕ್ಕೆ ಎಂದು ಕೇಳಿದರೆ ತಿಳಿಯುವುದು ಹೆಚ್ಚು.

ರ‍್ಯಾಮ್ ವಿಷಯದಲ್ಲೂ ಇಂಥದೇ ಒಂದು ತಪ್ಪು ತಿಳಿವಳಿಕೆಯಿದೆ. ಖಾಲಿ ಬಿದ್ದ ರ‍್ಯಾಮ್‌ನಿಂದ ಯಾರಿಗೂ ಲಾಭವಿಲ್ಲ. ನೀವು ಪದೇ ಪದೇ ಬಳಸುವುದನ್ನು ವಿಂಡೋಸ್ ಮುಂಚಿತವಾಗಿಯೇ ಅಲ್ಲಿ ತಂದಿಟ್ಟುಕೊಂಡಿರುತ್ತದೆ, ಬೇರೆಯದಕ್ಕೆ ಜಾಗ ಬೇಕಾದಾಗ ಬಿಟ್ಟುಕೊಡುತ್ತದೆ. ಸುಮ್ಮನೆ ಕೂತ ಪ್ರೋಗ್ರಾಂ ಪ್ರೊಸೆಸರನ್ನೂ ಹೆಚ್ಚುಕಡಿಮೆ ಮುಟ್ಟುವುದಿಲ್ಲ. ನಿಜವಾದ ತೊಂದರೆ ಎಲ್ಲವೂ ಒಟ್ಟಿಗೆ ಏಳುವ ಗಳಿಗೆಯಲ್ಲಿದೆ. ಯಂತ್ರ ಆನ್ ಆದ ಮೊದಲ ಕೆಲವು ನಿಮಿಷ ಟಾಸ್ಕ್ ಮ್ಯಾನೇಜರ್‌ನ ‘ಡಿಸ್ಕ್’ ಕಾಲಂ ಗಮನಿಸಿ. ಹಳೆಯ ಹಾರ್ಡ್‌ಡಿಸ್ಕ್ ಇದ್ದರೆ ಶೇ 100ಕ್ಕೆ ಹೋಗಿ ಅಲ್ಲೇ ನಿಂತಿರುವುದು ಅಪರೂಪವಲ್ಲ. ಆ್ಯಂಟಿವೈರಸ್, ಅಪ್‌ಡೇಟ್, ಫೈಲ್ ಹುಡುಕಾಟದ ಸೂಚಿ, ಅವುಗಳ ಮಧ್ಯೆ ನುಗ್ಗುವ ಗೇಮ್ ಲಾಂಚರ್, ಹಾಡಿನ ಆ್ಯಪ್, ವಿಡಿಯೊ ಕರೆಯ ಆ್ಯಪ್: ಒಂದೇ ಕೌಂಟರ್ ತೆರೆದಿರುವ ರೈಲ್ವೆ ನಿಲ್ದಾಣದಲ್ಲಿ ಎಲ್ಲರೂ ಒಟ್ಟಿಗೆ ಟಿಕೆಟ್ ಕೇಳಿದಂತೆ. ತಿರುಗುವ ತಟ್ಟೆಯ ಮೇಲೆ ಓದುವ ಮುಳ್ಳು ಅತ್ತಿಂದಿತ್ತ ಓಡಾಡಬೇಕು, ಹೊತ್ತೆಲ್ಲ ಆ ಓಡಾಟದಲ್ಲೇ ಹೋಗುತ್ತದೆ. ಎಸ್‌ಎಸ್‌ಡಿಯಲ್ಲಿ ಮುಳ್ಳೇ ಇಲ್ಲ. ಆದ್ದರಿಂದಲೇ ಹೊಸ ಲ್ಯಾಪ್‌ಟಾಪ್‌ನಲ್ಲಿ ಗೊತ್ತೇ ಆಗದ ಪ್ರೋಗ್ರಾಂ ಹಳೆಯ ಡೆಸ್ಕ್‌ಟಾಪ್‌ನಲ್ಲಿ ಜೀವ ಹಿಂಡುತ್ತದೆ.

ಹೀಗಿರುವಾಗ ‘ಎಂಡ್ ಟಾಸ್ಕ್’ ಒತ್ತಿ ಕೊಲ್ಲುವುದರಿಂದ ಆಗುವ ಪ್ರಯೋಜನ ಅಷ್ಟಕ್ಕಷ್ಟೇ. ನಾಳೆ ಮತ್ತೆ ಏಳುತ್ತದೆ, ಯಾಕೆಂದರೆ ಅದನ್ನು ಎಬ್ಬಿಸುವ ಏರ್ಪಾಡು ಬೇರೆಡೆ ಇದೆ. ರಿಜಿಸ್ಟ್ರಿಯ ‘ರನ್’ ಸಾಲುಗಳು, ಸ್ಟಾರ್ಟಪ್ ಫೋಲ್ಡರ್, ಸರ್ವಿಸ್‌ಗಳು, ನಿಗದಿತ ವೇಳೆಗೆ ಓಡುವ ಟಾಸ್ಕ್‌ಗಳು. ಇನ್‌ಸ್ಟಾಲ್ ಮಾಡುವಾಗ ನಾವು ‘ನೆಕ್ಸ್ಟ್, ನೆಕ್ಸ್ಟ್’ ಎಂದು ಒತ್ತುತ್ತಾ ಹೋದಂತೆ ಪ್ರೋಗ್ರಾಂ ಇವುಗಳಲ್ಲೊಂದರಲ್ಲಿ ತನ್ನ ಹೆಸರು ಬರೆದುಕೊಂಡಿರುತ್ತದೆ. ಅದನ್ನು ಹೊಡೆದುಹಾಕುವುದು ಈಗ ಸುಲಭ. ವಿಂಡೋಸ್ 8ರಿಂದ ಟಾಸ್ಕ್ ಮ್ಯಾನೇಜರ್‌ನಲ್ಲೇ ‘ಸ್ಟಾರ್ಟಪ್’ ವಿಭಾಗವಿದೆ. ಪ್ರೋಗ್ರಾಂನ ಹೆಸರು, ತಯಾರಿಸಿದ ಕಂಪನಿ, ಯಂತ್ರ ಏಳುವಾಗ ಅದು ಹೇರುವ ಹೊರೆ ಹೆಚ್ಚೋ ಕಡಿಮೆಯೋ ಎಂಬುದೆಲ್ಲ ಒಂದೇ ಸಾಲಿನಲ್ಲಿ ಸಿಗುತ್ತದೆ. ರೈಟ್ ಕ್ಲಿಕ್ ಮಾಡಿ ‘ಡಿಸೇಬಲ್’ ಕೊಟ್ಟರೆ ಪ್ರೋಗ್ರಾಂ ಅಳಿಸಿಹೋಗುವುದಿಲ್ಲ. ನೀವು ತೆರೆದಾಗ ಎಂದಿನಂತೆ ತೆರೆದುಕೊಳ್ಳುತ್ತದೆ, ತಾನಾಗಿ ಏಳುವುದಿಲ್ಲ, ಅಷ್ಟೇ. ನಾನು ಕರೆಯುವ ಮೊದಲೇ ಇದಕ್ಕೆ ಮಾಡುವ ಕೆಲಸವೇನಾದರೂ ಇದೆಯೇ ಎಂದು ಪ್ರತಿ ಸಾಲಿಗೂ ಕೇಳಬೇಕು. ಗೇಮ್ ಲಾಂಚರ್‌ಗೆ ಇಲ್ಲ. ಫೋಟೊಗಳನ್ನು ಕ್ಲೌಡ್‌ಗೆ ಕಳಿಸುವ ಆ್ಯಪ್‌ಗೆ ಇದೆ. ಅದನ್ನು ನಿಲ್ಲಿಸಿ ಮರೆತರೆ ಬ್ಯಾಕಪ್ಪೂ ನಿಂತಿರುತ್ತದೆ. ‘ನುಡಿ’, ‘ಬರಹ’ದಂಥ ಕನ್ನಡ ಟೈಪಿಂಗ್ ತಂತ್ರಾಂಶಗಳಿಗೂ ಇದೆ. ನೀವು ಒತ್ತುವ ಕೀಲಿಯನ್ನು ನಡುವೆಯೇ ಹಿಡಿದು ಕನ್ನಡ ಅಕ್ಷರವಾಗಿಸಬೇಕಾದರೆ ಅವು ಹಿನ್ನೆಲೆಯಲ್ಲಿ ಎಚ್ಚರವಾಗಿಯೇ ಇರಬೇಕು.

ಇಲ್ಲಿ ಸ್ವಲ್ಪ ನಿಂತು ನೋಡಬೇಕಾದ್ದಿದೆ. ಒತ್ತಿದ ಪ್ರತಿ ಕೀಲಿಯನ್ನೂ ಗಮನಿಸುವ ಪ್ರೋಗ್ರಾಂ ಎಂದರೆ ತಾಂತ್ರಿಕವಾಗಿ ಪಾಸ್‌ವರ್ಡ್ ಕದಿಯುವ ಕೀಲಾಗರ್‌ನ ನಡತೆಗೆ ಹತ್ತಿರವೇ. ಒಂದನ್ನು ನಾವು ತಿಳಿದು ತಂದೆವು, ಇನ್ನೊಂದು ಹೇಳದೆ ಬಂತು ಎಂಬುದು ಮೊದಲ ವ್ಯತ್ಯಾಸ. ಹೊರೆಯನ್ನಷ್ಟೇ ಅಳೆದರೆ ಈ ವ್ಯತ್ಯಾಸ ಕಾಣುವುದಿಲ್ಲ. 2005ರ ಅಕ್ಟೋಬರ್ 31ರಂದು ವಿಂಡೋಸ್ ತಜ್ಞ ಮಾರ್ಕ್ ರುಸಿನೊವಿಚ್ ಬಯಲು ಮಾಡಿದ ಸಂಗತಿ ಇದಕ್ಕೆ ಒಳ್ಳೆಯ ಸಾಕ್ಷಿ. ಸೋನಿ ಬಿಎಂಜಿ ಕಂಪನಿಯ ಒಂದು ಹಾಡಿನ ಸಿ.ಡಿ. ಹಾಕಿದ್ದಕ್ಕೆ ಅವರ ಕಂಪ್ಯೂಟರಿನಲ್ಲಿ ನಕಲು ತಡೆಯುವ ತಂತ್ರಾಂಶವೊಂದು ಬೇರುಬಿಟ್ಟಿತ್ತು. ಡಾಲರ್ ಚಿಹ್ನೆಯಿಂದ ಶುರುವಾಗುವ ಒಂದು ಗೊತ್ತಾದ ಹೆಸರಿಟ್ಟುಕೊಂಡ ಯಾವ ಫೈಲೂ ವಿಂಡೋಸ್‌ಗೆ ಕಾಣದಂತೆ ಅದು ಮಾಡುತ್ತಿತ್ತು. ಬೇರೆ ವೈರಸ್‌ಗಳೂ ಅದೇ ಹೆಸರಿಟ್ಟುಕೊಂಡು ಆ ಮರೆಯಲ್ಲಿ ಅಡಗಬಹುದಿತ್ತು. ಹಾಡು ನಿಲ್ಲಿಸಿ ಪ್ಲೇಯರ್ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಅದು ತಿನ್ನುತ್ತಿದ್ದ ಪ್ರೊಸೆಸರ್ ಪಾಲು ಶೇ 1ರಿಂದ 2 ಮಾತ್ರ. ನಿಧಾನವಾಯಿತೆಂದು ಯಾರೂ ದೂರುವಷ್ಟಲ್ಲ. ಗದ್ದಲವಾದ ಮೇಲೆ ನವೆಂಬರ್‌ನಲ್ಲಿ ಕಂಪನಿ ಆ ಸಿ.ಡಿ.ಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಹತ್ತು ವರ್ಷದ ನಂತರ, 2015ರಲ್ಲಿ, ಲೆನೊವೊ ತನ್ನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೊದಲೇ ತುಂಬಿ ಮಾರಿದ್ದ ‘ಸೂಪರ್‌ಫಿಶ್’ ಬಯಲಾಯಿತು. ನೋಡುತ್ತಿರುವ ಪುಟಗಳೊಳಗೆ ಜಾಹೀರಾತು ತೂರಿಸಲೆಂದು ಅದು ಸುರಕ್ಷಿತ ಸಂಪರ್ಕವನ್ನೇ ಒಡೆದು ಓದುತ್ತಿತ್ತು. ಖರೀದಿಸಿದವರು ಇನ್‌ಸ್ಟಾಲ್ ಮಾಡಿದ್ದೇನೂ ಇರಲಿಲ್ಲ, ಡಬ್ಬ ತೆರೆದಾಗಲೇ ಒಳಗಿತ್ತು.

ಹಾಗಾದರೆ ಎಲ್ಲವನ್ನೂ ನಿಲ್ಲಿಸಿಬಿಡೋಣ, ಅಪ್‌ಡೇಟೂ ಬೇಡ, ಆ್ಯಂಟಿವೈರಸ್ಸೂ ಬೇಡ ಎನ್ನುವವರಿದ್ದಾರೆ. ಡೇಟಾ ತಿನ್ನುವ, ಬೇಡದ ಹೊತ್ತಿನಲ್ಲಿ ರೀಸ್ಟಾರ್ಟ್ ಕೇಳುವ ಅಪ್‌ಡೇಟ್ ಮೇಲಿನ ಸಿಟ್ಟು ನ್ಯಾಯವಾದದ್ದೇ. ಆದರೆ 2017ರ ಮೇ 12ರಂದು ಹಬ್ಬಿದ ವನ್ನಾಕ್ರೈ ನೆನಪಿರಲಿ. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೊಸಾಫ್ಟ್ ಮಾರ್ಚ್ ತಿಂಗಳಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದ ಯಂತ್ರಗಳ ಫೈಲುಗಳಿಗೆ ಬೀಗ ಬಿತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೂ ಅದರಲ್ಲಿ ಸಿಕ್ಕಿಕೊಂಡವು. ಅಪ್‌ಡೇಟ್‌ಗೆ ವೇಳೆ ಗೊತ್ತುಮಾಡಿ, ಕೆಲಸದ ಗಂಟೆಗಳಲ್ಲಿ ರೀಸ್ಟಾರ್ಟ್ ಬೇಡವೆಂದು ಸೆಟ್ಟಿಂಗ್ಸ್‌ನಲ್ಲಿ ಹೇಳಿ; ಕತ್ತು ಹಿಸುಕಬೇಡಿ.

ಇನ್ನು ಕೆಲವರು ಈ ತಲೆನೋವೇ ಬೇಡವೆಂದು ‘ಕ್ಲೀನರ್’, ‘ಬೂಸ್ಟರ್’ ಹೆಸರಿನ ತಂತ್ರಾಂಶ ತರುತ್ತಾರೆ. ಅಂಥವುಗಳಲ್ಲಿ ಅನೇಕವು ತಾವೂ ಸ್ಟಾರ್ಟಪ್ ಪಟ್ಟಿಗೆ ಸೇರಿಕೊಂಡು ಆಗಾಗ ಹೆದರಿಸುತ್ತಿರುತ್ತವೆ. ಅಮೆರಿಕದ ಆಫೀಸ್ ಡಿಪೊ ಮಳಿಗೆಗಳಲ್ಲಿ ‘ಪಿಸಿ ಹೆಲ್ತ್ ಚೆಕ್’ ಎಂಬ ತಪಾಸಣೆ ನಡೆಯುತ್ತಿತ್ತು. ಯಂತ್ರ ನಿಧಾನವೇ ಮುಂತಾಗಿ ಮೊದಲಿಗೆ ನಾಲ್ಕು ಪ್ರಶ್ನೆ. ಒಂದಕ್ಕೆ ಹೌದೆಂದರೂ ಸಾಕು, ಒಳಗೆ ಏನಿದ್ದರೂ ಇಲ್ಲದಿದ್ದರೂ ವೈರಸ್ ಲಕ್ಷಣವಿದೆ ಎಂಬ ಫಲಿತಾಂಶ, ಅದರ ಹಿಂದೆಯೇ ದುಬಾರಿ ದುರಸ್ತಿ. 2019ರಲ್ಲಿ ಆ ಕಂಪನಿಯೂ ತಂತ್ರಾಂಶ ಒದಗಿಸಿದ ಕಂಪನಿಯೂ ಸೇರಿ 3.5 ಕೋಟಿ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿಕೊಂಡವು.

ಹೆಸರು ನೋಡಿ ಯಾವುದು ಏನೆಂದು ಸಾಮಾನ್ಯರಿಗೆ ಹೇಗೆ ತಿಳಿಯಬೇಕು ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಎಲ್ಲವನ್ನೂ ತಿಳಿಯಬೇಕಾಗಿಲ್ಲ. ಮೈಕ್ರೊಸಾಫ್ಟ್ ಹೆಸರಿನ ಸರ್ವಿಸ್‌ಗಳನ್ನೂ ಡ್ರೈವರ್ ಸಂಬಂಧದವನ್ನೂ ಬದಿಗಿಟ್ಟರೆ ಉಳಿಯುವವು ಹೆಚ್ಚಿನ ಮನೆಗಳಲ್ಲಿ ಬೆರಳೆಣಿಕೆಯಷ್ಟು. ಅನುಮಾನ ಬಂದ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಫೈಲ್ ಎಲ್ಲಿದೆ ನೋಡಿ. ಸರ್ವಿಸ್ ಹೋಸ್ಟ್‌ನ ಅಸಲಿ ಫೈಲ್ ವಿಂಡೋಸ್‌ನ ಸಿಸ್ಟಂ32 ಫೋಲ್ಡರಿನಲ್ಲಿರುತ್ತದೆ. ಅದೇ ಹೆಸರಿನದು ಡೌನ್‌ಲೋಡ್ಸ್‌ನಲ್ಲೋ ಟೆಂಪ್ ಫೋಲ್ಡರಿನಲ್ಲೋ ಕೂತಿದ್ದರೆ ಆ್ಯಂಟಿವೈರಸ್‌ಗೆ ಒಪ್ಪಿಸಿ. ಉಳಿದವನ್ನು ಒಂದೊಂದಾಗಿ ಡಿಸೇಬಲ್ ಮಾಡಿ, ಕೆಲವು ದಿನ ಕಾದು, ತೊಂದರೆಯಾದರೆ ಅಲ್ಲೇ ‘ಎನೇಬಲ್’ ಒತ್ತಿ. ಇನ್ನೂ ಆಳಕ್ಕೆ ಇಳಿಯುವ ಧೈರ್ಯವಿದ್ದವರಿಗೆ, ರುಸಿನೊವಿಚ್ ಮತ್ತು ಅವರ ಜೊತೆಗಾರ ಕಟ್ಟಿದ, ಈಗ ಮೈಕ್ರೊಸಾಫ್ಟ್ ಉಚಿತವಾಗಿ ಕೊಡುವ ‘ಆಟೊರನ್ಸ್’ ಇದೆ. ಪ್ರೋಗ್ರಾಂಗಳು ಹೆಸರು ಬರೆದುಕೊಳ್ಳುವ ಜಾಗಗಳನ್ನೆಲ್ಲ ಅದು ತೆರೆದಿಡುತ್ತದೆ.

ಅನುಮತಿಯ ಈ ಮಾತು ಹೊರಗಿನ ಕಂಪನಿಗಳಿಗಷ್ಟೇ ಅನ್ವಯಿಸುತ್ತದೆ ಎಂದುಕೊಳ್ಳುವಂತಿಲ್ಲ. ವಿಂಡೋಸ್ ಜೊತೆಗೇ ಬರುವ ಎಡ್ಜ್ ಬ್ರೌಸರಿನಲ್ಲಿ ‘ಸ್ಟಾರ್ಟಪ್ ಬೂಸ್ಟ್’ ಎಂಬುದಿದೆ. ನೀವು ತೆರೆಯುವ ಮೊದಲೇ ಬ್ರೌಸರನ್ನು ಅರೆನಿದ್ದೆಯಲ್ಲಿ ಎಬ್ಬಿಸಿಟ್ಟಿರುವುದು ಅದರ ಕೆಲಸ. ಗೂಗಲ್ ಕ್ರೋಮ್‌ನಲ್ಲೂ ಮುಚ್ಚಿದ ಮೇಲೆ ಹಿನ್ನೆಲೆ ಆ್ಯಪ್‌ಗಳು ನಡೆಯುತ್ತಿರಲಿ ಎಂಬ ಆಯ್ಕೆಯಿದೆ. ಎರಡೂ ಆಯಾ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ‘ಸಿಸ್ಟಂ’ ಎಂಬ ಭಾಗದಲ್ಲಿ ಸಿಗುತ್ತವೆ. ಹಳೆಯ ಯಂತ್ರವಿರುವವರು ಮೊದಲು ನೋಡಬೇಕಾದ ಎರಡು ಗುಂಡಿಗಳು ಅವು.