ಮತ್ತೆ ಒಂದನೆಯ ಸಂಚಿಕೆಯಿಂದ: ಡಿಸಿ ಕಾಮಿಕ್ಸ್ ಕಥಾಲೋಕದ ಪುನರಾರಂಭ

ನಮ್ಮ ಮನೆಯ ಮಕ್ಕಳು ಸೂಪರ್‌ಮ್ಯಾನ್, ಬ್ಯಾಟ್‌ಮನ್ ಎಂದು ಮಾತನಾಡುವುದನ್ನು ಕೇಳುವಾಗ ಹಿರಿಯರಾದ ನಮಗೆ ಗೊಂದಲವಾಗುವುದು ಸಹಜ. ಅದೇ ನಾಯಕನಿಗೆ ಒಂದು ಪುಸ್ತಕದಲ್ಲಿ ಮದುವೆಯಾಗಿದೆ, ಇನ್ನೊಂದರಲ್ಲಿ ಆಗಿಯೇ ಇಲ್ಲ. ಒಂದರಲ್ಲಿ ಸತ್ತವರು ಮತ್ತೊಂದರಲ್ಲಿ ಬದುಕಿದ್ದಾರೆ. ಇದು ಲೇಖಕರ ಮರೆವಲ್ಲ. ಪ್ರಕಾಶಕರೇ ಕೆಲವು ವರ್ಷಗಳಿಗೊಮ್ಮೆ ಹಳೆಯ ಕಥೆಯನ್ನು ಅಳಿಸಿ ಮೊದಲಿನಿಂದ ಆರಂಭಿಸುವ ಪದ್ಧತಿಯ ಫಲ. ಅಮೆರಿಕದ ಡಿಸಿ ಕಾಮಿಕ್ಸ್ ಸಂಸ್ಥೆ 2011ರಲ್ಲಿ ಮಾಡಿದ ಪುನರಾರಂಭ ಇದಕ್ಕೊಂದು ಉತ್ತಮ ನಿದರ್ಶನ.

ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು 1938ರಲ್ಲಿ, 'ಆಕ್ಷನ್ ಕಾಮಿಕ್ಸ್' ಪತ್ರಿಕೆಯ ಒಂದನೆಯ ಸಂಚಿಕೆಯಲ್ಲಿ. ಅವನನ್ನು ಸೃಷ್ಟಿಸಿದ ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್ ಎಂಬ ತರುಣರು 130 ಡಾಲರಿಗೆ ಹಕ್ಕನ್ನು ಪ್ರಕಾಶಕರಿಗೆ ಮಾರಿದರು. ಅಂದಿನಿಂದ ಪಾತ್ರ ಸಂಸ್ಥೆಯ ಸೊತ್ತು. ಬರೆಯುವವರು ಬದಲಾಗುತ್ತಾರೆ, ಕಥೆ ಮಾತ್ರ ನಿಲ್ಲುವುದಿಲ್ಲ. ನಾಯಕನಿಗೆ ವಯಸ್ಸಾಗಬಾರದು, ಆದರೆ ಅವನ ಜೀವನದ ಘಟನೆಗಳು ದಶಕಗಳಷ್ಟು ಬೆಳೆಯುತ್ತಲೇ ಇರುತ್ತವೆ. ಹೀಗಾಗಿ ಒಂದಕ್ಕೊಂದು ಹೊಂದದ ಸಂಗತಿಗಳು ರಾಶಿ ಬೀಳುತ್ತವೆ.

ಇದಕ್ಕೆ ಡಿಸಿ 1961ರಲ್ಲಿ ಕಂಡುಕೊಂಡ ಉಪಾಯ ಎರಡು ಭೂಮಿಗಳ ಕಲ್ಪನೆ. ಹಳೆಯ 'ಫ್ಲ್ಯಾಶ್' ಒಂದು ಭೂಮಿಯವನು, ಹೊಸ 'ಫ್ಲ್ಯಾಶ್' ಇನ್ನೊಂದರವನು ಎಂದಾಯಿತು. ಭೂಮಿಗಳ ಸಂಖ್ಯೆ ಬೆಳೆಬೆಳೆದು ಓದುಗರಿಗೆ ಜಟಿಲವೆನಿಸಿದಾಗ, 1985–86ರ ಹನ್ನೆರಡು ಸಂಚಿಕೆಗಳ 'ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ತ್ಸ್' ಮಾಲೆಯಲ್ಲಿ ಅವನ್ನೆಲ್ಲ ನಾಶಮಾಡಿ ಒಂದೇ ಭೂಮಿಯನ್ನು ಉಳಿಸಲಾಯಿತು.

2011ರ ಬದಲಾವಣೆ ಇನ್ನೂ ಕಠಿಣವಾಗಿತ್ತು. ತಾಯಿಯನ್ನು ಉಳಿಸಲು ಫ್ಲ್ಯಾಶ್ ಭೂತಕಾಲಕ್ಕೆ ಹೋಗಿ ಇತಿಹಾಸವನ್ನೇ ಕೆಡಿಸುವ 'ಫ್ಲ್ಯಾಶ್‌ಪಾಯಿಂಟ್' ಕಥೆಯನ್ನು ನೆಪವಾಗಿಸಿಕೊಂಡು, 52 ಪತ್ರಿಕೆಗಳನ್ನು ಒಂದನೆಯ ಸಂಚಿಕೆಯಿಂದ ಹೊರತರಲಾಯಿತು. 904 ಸಂಚಿಕೆ ಕಂಡಿದ್ದ 'ಆಕ್ಷನ್ ಕಾಮಿಕ್ಸ್' ಕೂಡ ಮತ್ತೆ ಒಂದಕ್ಕೆ ಇಳಿಯಿತು. ಸೂಪರ್‌ಮ್ಯಾನ್ ಮತ್ತು ಲೋಯಿಸ್ ಲೇನ್ ಅವರ 1996ರ ವಿವಾಹ ನಡೆದೇ ಇಲ್ಲವೆಂದಾಯಿತು. ಇದರಲ್ಲಿ ವ್ಯಾಪಾರದ ಲೆಕ್ಕವೂ ಇತ್ತು. 905ನೆಯ ಸಂಚಿಕೆಯನ್ನು ಕೈಗೆತ್ತಿಕೊಳ್ಳಲು ಹೊಸ ಓದುಗ ಹಿಂಜರಿಯುತ್ತಾನೆ, ಒಂದನೆಯದನ್ನು ಧೈರ್ಯವಾಗಿ ಕೊಳ್ಳುತ್ತಾನೆ. ಮೊದಲ ತಿಂಗಳುಗಳಲ್ಲಿ ಮಾರಾಟ ಏರಿದ್ದೂ ನಿಜ. ಆದರೆ ಆ ಉತ್ಸಾಹ ಉಳಿಯಲಿಲ್ಲ. ಎಷ್ಟೋ ವರ್ಷ ಹಣ ಕೊಟ್ಟು, ಪ್ರೀತಿಯಿಟ್ಟು ಓದಿದವರಿಗೆ ತಾವು ಓದಿದ್ದು ಲೆಕ್ಕಕ್ಕಿಲ್ಲ ಎಂದಂತಾಯಿತು.

ಒಂದೇ ಕಥೆಯನ್ನು ಬೇರೆಯಾಗಿ ಹೇಳುವುದು ಕನ್ನಡಿಗರಾದ ನಮಗೆ ಹೊಸತಲ್ಲ. ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಪತ್ನಿ, ಕುಮಾರವ್ಯಾಸನಲ್ಲಿ ಐವರ ಪತ್ನಿ. ನಾಗಚಂದ್ರನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಆದರೂ ಒಂದು ಕೃತಿ ಬಂದಿತೆಂದು ಇನ್ನೊಂದು ರದ್ದಾಗಲಿಲ್ಲ. ಎಲ್ಲವೂ ಒಂದೇ ಕಪಾಟಿನಲ್ಲಿ ನೆಮ್ಮದಿಯಾಗಿವೆ. ಆ ಕಥೆಗಳಿಗೆ ಒಡೆಯರಿರಲಿಲ್ಲ. ಇಲ್ಲಿ ಒಡೆಯರಿದ್ದಾರೆ, ಯಾವುದು ನಿಜವಾದ ಕಥೆ ಎಂಬುದನ್ನು ಅವರೇ ಘೋಷಿಸುತ್ತಾರೆ.

ಆ ಘೋಷಣೆಗೂ ಮಿತಿಯಿದೆ ಎಂಬುದು 2016ರಲ್ಲಿ ತಿಳಿಯಿತು. 'ರೀಬರ್ತ್' ಎಂಬ ಹೆಸರಿನಲ್ಲಿ ಡಿಸಿ ಹಿಂದಿನ ಇತಿಹಾಸಕ್ಕೆ ಮರಳಿತು. ಲೋಯಿಸಳನ್ನು ಮದುವೆಯಾಗಿದ್ದ ಸೂಪರ್‌ಮ್ಯಾನ್ ಮಗನೊಡನೆ ಹಿಂತಿರುಗಿದ. ಹಳೆಯ 904ಕ್ಕೆ ಹೊಸ 52 ಸಂಚಿಕೆಗಳನ್ನು ಕೂಡಿಸಿ 'ಆಕ್ಷನ್ ಕಾಮಿಕ್ಸ್' 957ರಿಂದ ಮುಂದುವರಿಯಿತು, 2018ರಲ್ಲಿ ಸಾವಿರದ ಸಂಚಿಕೆಯನ್ನೂ ಕಂಡಿತು. 2024ರಲ್ಲಿ 'ಆಬ್ಸಲ್ಯೂಟ್' ಎಂಬ ಹೊಸ ಮಾಲೆಯನ್ನು ಆರಂಭಿಸಿದಾಗ ಸಂಸ್ಥೆ ಹಳೆಯದನ್ನು ಅಳಿಸಲಿಲ್ಲ, ಅದರ ಪಕ್ಕದಲ್ಲೇ ಬೇರೊಂದು ಲೋಕವನ್ನು ಕಟ್ಟಿತು.

2016ರ ಆ ಕಥೆಯಲ್ಲಿ ವಾಲಿ ವೆಸ್ಟ್ ಎಂಬ ಪಾತ್ರವಿದೆ. 2011ರಲ್ಲಿ ಅಳಿಸಿಹೋಗಿದ್ದ ಅವನು ಪರಿಚಿತರನ್ನು ಒಬ್ಬೊಬ್ಬರಾಗಿ ಹುಡುಕಿಕೊಂಡು ಹೋಗಿ, ತನ್ನನ್ನು ನೆನಪಿಸಿಕೊಳ್ಳುವಂತೆ ಬೇಡುತ್ತಾನೆ. ಕೊನೆಗೆ ಫ್ಲ್ಯಾಶ್ ಅವನ ಹೆಸರನ್ನು ನೆನೆದಾಗ ಬದುಕಿಕೊಳ್ಳುತ್ತಾನೆ. ಕಥೆಯ ಹಕ್ಕು ಪ್ರಕಾಶಕರದು, ಅದರ ನೆನಪು ಓದುಗರದು. ಮುಂದಿನ ಬಾರಿ ಮಕ್ಕಳು ತಮ್ಮ ಸೂಪರ್‌ಮ್ಯಾನ್ ಕಥೆಯನ್ನು ಹೇಳತೊಡಗಿದಾಗ, ಅದು ಎಷ್ಟನೆಯ ಸೂಪರ್‌ಮ್ಯಾನ್ ಎಂದು ನಾವು ಕೇಳಬಹುದು. ಪಂಪನ ದ್ರೌಪದಿಯ ಕಥೆಯನ್ನು ಅವರಿಗೆ ಹೇಳಲು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದು.