‘ಆ ಕಾಲವೇ ಚೆನ್ನಾಗಿತ್ತು’ ಎಂಬ ಸಂದೇಶ ಕಳುಹಿಸುವ ಮೊದಲು

ತುರ್ತು ಪರಿಸ್ಥಿತಿಯ ಕಾಲದಲ್ಲಿ ರೈಲುಗಳು ಸಮಯಕ್ಕೆ ಬರುತ್ತಿದ್ದವು, ನೌಕರರು ಹೊತ್ತಿಗೆ ಸರಿಯಾಗಿ ಕಚೇರಿಯಲ್ಲಿರುತ್ತಿದ್ದರು, ಬೆಲೆ ಇಳಿದಿತ್ತು, ಇಂದೂ ಅಂಥದೇ ಬಿಗಿ ಆಡಳಿತ ಬೇಕು. ಈ ಅರ್ಥದ ಸಂದೇಶಗಳು ವಾಟ್ಸಾಪ್ ಮತ್ತು ಫೇಸ್‌ಬುಕ್‌ಗಳಲ್ಲಿ ಆಗಾಗ ಸುತ್ತುತ್ತಿರುತ್ತವೆ. ನಮ್ಮ ಧರ್ಮಕೇಂದ್ರಗಳ ಗುಂಪುಗಳಿಗೂ ಅವು ಬರುತ್ತವೆ. ಅವುಗಳಲ್ಲಿ ನಿಜವೆಷ್ಟು, ಮರೆತದ್ದೆಷ್ಟು ಎಂಬುದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ನಡೆದದ್ದೇನು?

1975ರ ಜೂನ್ 25ರ ರಾತ್ರಿ ಘೋಷಣೆಯಾದ ತುರ್ತು ಪರಿಸ್ಥಿತಿ 1977ರ ಮಾರ್ಚ್ 21ರವರೆಗೆ, ಅಂದರೆ 21 ತಿಂಗಳು ನಡೆಯಿತು. ರೈಲುಗಳ ಸಮಯಪಾಲನೆ ಸುಧಾರಿಸಿದ್ದು ನಿಜ, ಬೆಲೆ ಏರಿಕೆ ತಗ್ಗಿದ್ದೂ ನಿಜ. ಆದರೆ ಬೆಲೆ ತಡೆಯುವ ಬಿಗಿ ಕ್ರಮಗಳು 1974ರಲ್ಲೇ ಆರಂಭವಾಗಿದ್ದವು, 1975ರಲ್ಲಿ ಮಳೆಬೆಳೆಯೂ ಚೆನ್ನಾಗಿ ಆಯಿತು.

ಇನ್ನೊಂದು ಬದಿಯ ಲೆಕ್ಕವೂ ಇದೆ. ಬಳಿಕ ವಿಚಾರಣೆ ನಡೆಸಿದ ಶಾ ಆಯೋಗದ ಪ್ರಕಾರ ಒಂದು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಸೆರೆಯಲ್ಲಿಡಲಾಗಿತ್ತು. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅನೇಕ ಕಡೆ ಬಡವರ ಮೇಲೆ ಬಲಾತ್ಕಾರವೂ ಆಯಿತು.

ನಮ್ಮ ಕರಾವಳಿಗೂ ಇದು ದೂರದ ಕಥೆಯಲ್ಲ. ಮಂಗಳೂರಿನಲ್ಲಿ ಹುಟ್ಟಿ, ಬೆಂಗಳೂರಿನ ಸೆಮಿನರಿಯಲ್ಲಿ ಕೆಲಕಾಲ ಓದಿದ್ದ ಜಾರ್ಜ್ ಫೆರ್ನಾಂಡಿಸ್ ಆಗ ಭೂಗತರಾಗಿದ್ದರು. ಅವರ ಸುಳಿವಿಗಾಗಿ 1976ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ತಮ್ಮ ಲಾರೆನ್ಸ್ ಅವರನ್ನು ಪೊಲೀಸರು ಹಿಡಿದು ಚಿತ್ರಹಿಂಸೆ ನೀಡಿದರು. ತಾಯಿ ಆಲಿಸ್ ಫೆರ್ನಾಂಡಿಸ್ ಮಗನ ಸ್ಥಿತಿಯನ್ನು ವಿವರಿಸಿ ರಾಷ್ಟ್ರಪತಿಗಳಿಗೆ ಪತ್ರ ಬರೆದರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾ ರೋಗಿಯಾಗಿದ್ದರೂ ಬೆಂಗಳೂರು ಸೆರೆಮನೆಯಲ್ಲಿ ವಿಚಾರಣೆಯಿಲ್ಲದೆ ತಿಂಗಳುಗಟ್ಟಲೆ ಇರಬೇಕಾಯಿತು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ಅವರು ತೀರಿಕೊಂಡರು.

ಸಂಡೂರು, ದೋಣಿಮಲೈ ಹೇಳುವುದೇನು?

‘ಆಗ ಕೆಲಸಗಳು ಆಗುತ್ತಿದ್ದವು’ ಎಂಬ ಮಾತನ್ನು ಒಂದು ಊರನ್ನಿಟ್ಟುಕೊಂಡು ಪರೀಕ್ಷಿಸೋಣ. ಬಳ್ಳಾರಿ ಜಿಲ್ಲೆಯ ಸಂಡೂರು ತಾಲೂಕಿನ ದೋಣಿಮಲೈ ಕಬ್ಬಿಣದ ಅದಿರಿನ ಗಣಿ ಪಟ್ಟಣ. ಸರ್ಕಾರಿ ಸ್ವಾಮ್ಯದ ಎನ್‌ಎಂಡಿಸಿ ಸಂಸ್ಥೆಯ ಈ ಗಣಿ ಕಾರ್ಯಾರಂಭ ಮಾಡಿದ್ದು 1977ರ ಅಕ್ಟೋಬರಿನಲ್ಲಿ. ಆಗ ತುರ್ತು ಪರಿಸ್ಥಿತಿ ಮುಗಿದು ಏಳು ತಿಂಗಳಾಗಿತ್ತು, ಬೇರೆ ಸರ್ಕಾರ ಬಂದಿತ್ತು. ಆ ಸಂಸ್ಥೆ ಸ್ಥಾಪನೆಯಾದದ್ದು 1958ರಲ್ಲಿ. ಅದಿರು ಹುಡುಕಿ, ರಸ್ತೆ, ಯಂತ್ರ, ಮನೆಗಳನ್ನು ಒದಗಿಸಿ ಗಣಿಯೊಂದನ್ನು ಸಿದ್ಧಪಡಿಸಲು ವರ್ಷಗಳೇ ಬೇಕು. ಹೆದರಿಕೆಯ 21 ತಿಂಗಳಲ್ಲಿ ಆಗುವ ಕೆಲಸ ಅದಲ್ಲ.

ಅದೇ ಸಂಡೂರಿನಲ್ಲಿ 1973ರಲ್ಲಿ ಭೂಹೋರಾಟ ನಡೆಯಿತು. 1949ರವರೆಗೆ ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಹೋರಾಟದ ಹೊತ್ತಿಗೆ ಅದೇ ಮನೆತನದ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರು. ಆದರೂ ಉಳುವವರಿಗೆ ಭೂಮಿ ಸಿಗಬೇಕೆಂದು ಬಡ ರೈತರು ಸಮಾಜವಾದಿ ನಾಯಕರೊಂದಿಗೆ ಬೀದಿಗಿಳಿದರು. ಬಂಧನಗಳಾದವು, ಆದರೆ ವಿಷಯ ನಾಡಿಗೆಲ್ಲ ತಿಳಿಯಿತು. ಎರಡು ವರ್ಷ ತಡವಾಗಿದ್ದರೆ ಮೀಸಾ ಕಾಯ್ದೆಯಡಿ ಅವರನ್ನು ವಿಚಾರಣೆಯಿಲ್ಲದೆ ಒಳಗಿಡಬಹುದಿತ್ತು, ಸುದ್ದಿಯನ್ನು ಪತ್ರಿಕೆಯಲ್ಲಿ ಬಾರದಂತೆ ತಡೆಯಬಹುದಿತ್ತು.

ನಮ್ಮ ಜಿಲ್ಲೆಗಳ ಅನೇಕ ಗೇಣಿದಾರ ಕುಟುಂಬಗಳಿಗೆ ಭೂಮಿ ಕೊಟ್ಟ ಭೂಸುಧಾರಣೆಯೂ ತುರ್ತು ಪರಿಸ್ಥಿತಿಯ ಕೊಡುಗೆಯಲ್ಲ. ದೇವರಾಜ ಅರಸು ಸರ್ಕಾರದ ಆ ತಿದ್ದುಪಡಿ ಕಾಯ್ದೆ ಶಾಸನಸಭೆಯಲ್ಲಿ ಚರ್ಚೆಯಾಗಿ 1974ರ ಮಾರ್ಚ್ 1ರಂದು ಜಾರಿಗೆ ಬಂದಿತ್ತು.

ಮರೆವು ಹೇಗೆ ಹುಟ್ಟಿತು?

1975ರ ಜೂನ್ 26ರಿಂದ ಪತ್ರಿಕೆಗಳ ಮೇಲೆ ಸೆನ್ಸಾರ್ ಹೇರಲಾಯಿತು. ಬಂಧನ, ಹಿಂಸೆ, ಪ್ರತಿಭಟನೆಗಳ ಸುದ್ದಿ ಅಚ್ಚಾಗಲಿಲ್ಲ. ಸರ್ಕಾರದ ಸಾಧನೆಗಳ ಚಿತ್ರಗಳು ಮಾತ್ರ ಅಚ್ಚಾದವು. ಐವತ್ತು ವರ್ಷಗಳ ಬಳಿಕ ಹಳೆಯ ಚಿತ್ರ ಹುಡುಕುವವರ ಕೈಗೆ ಸುಲಭವಾಗಿ ಸಿಗುವುದೂ ಅವೇ. ಅಂದಿನ ಸೆನ್ಸಾರ್ ಅಧಿಕಾರಿಯ ಕತ್ತರಿ ಇಂದಿಗೂ ನಮ್ಮ ಮೊಬೈಲಿನಲ್ಲಿ ಕೆಲಸ ಮಾಡುತ್ತಿದೆ ಎನ್ನಬಹುದು.

ಸಾಮಾಜಿಕ ಜಾಲತಾಣ ಇದಕ್ಕೆ ವೇಗ ಕೊಡುತ್ತದೆ. ಸಂದೇಶಕ್ಕೆ ತಾರೀಕು ಇರುವುದಿಲ್ಲ, ಬರೆದವರ ಹೆಸರಿರುವುದಿಲ್ಲ. ಕಳುಹಿಸಿದವರು ನಮ್ಮ ಮಾವನೋ ವಾಳೆಯ ಗುರಿಕಾರರೋ ಆಗಿರುವುದರಿಂದ ನಂಬುತ್ತೇವೆ. ಇಂದಿನ ಲಂಚ, ಕಚೇರಿ ಅಲೆದಾಟದ ಬೇಸರ ನಿಜವಾದದ್ದೇ. ಸಂದೇಶ ಆ ಬೇಸರವನ್ನೇ ಬಂಡವಾಳ ಮಾಡಿಕೊಳ್ಳುತ್ತದೆ. ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳುಹಿಸುವ ಮಿತಿಯನ್ನು ವಾಟ್ಸಾಪ್ 2018ರಲ್ಲಿ ಭಾರತದಲ್ಲಿ ತಂದಿತು. ಆದರೂ ಗುಂಪಿನಿಂದ ಗುಂಪಿಗೆ ಹರಿಯುವುದು ನಿಂತಿಲ್ಲ.

ಕಥೋಲಿಕರೇ ಬಹುಸಂಖ್ಯಾತರಾಗಿರುವ ಫಿಲಿಪ್ಪೀನ್ಸ್ ದೇಶ ಇದಕ್ಕೆ ದೊಡ್ಡ ಉದಾಹರಣೆ. ಅಲ್ಲಿ ಫರ್ಡಿನೆಂಡ್ ಮಾರ್ಕೋಸ್ 1972ರಲ್ಲಿ ಸೇನಾ ಕಾನೂನು ಹೇರಿದರು. ಸಾವಿರಾರು ಮಂದಿ ಕೊಲೆಯಾದರು, ಸೆರೆಯಾದರು. 1986ರಲ್ಲಿ ಕಾರ್ಡಿನಲ್ ಸಿನ್ ರೇಡಿಯೋ ಮೂಲಕ ಕರೆ ಕೊಟ್ಟಾಗ ಜನ ಬೀದಿಗಿಳಿದು ಆ ಆಡಳಿತವನ್ನು ಕೊನೆಗಾಣಿಸಿದರು. ಆದರೆ ಅದು ‘ಸುವರ್ಣಯುಗ’ವಾಗಿತ್ತೆಂಬ ವಿಡಿಯೋಗಳು ಫೇಸ್‌ಬುಕ್, ಯೂಟ್ಯೂಬ್, ಟಿಕ್‌ಟಾಕ್‌ಗಳಲ್ಲಿ ವರ್ಷಗಟ್ಟಲೆ ಹರಡಿದವು. 2022ರಲ್ಲಿ ಅವರ ಮಗನೇ ಅಧ್ಯಕ್ಷರಾಗಿ ಆಯ್ಕೆಯಾದರು.

ನಾವೇನು ಮಾಡಬಹುದು?

ಇದು ಯಾವುದೇ ಪಕ್ಷದ ಪರ ಅಥವಾ ವಿರೋಧದ ಮಾತಲ್ಲ. ಯಾವ ಪಕ್ಷ ಅಧಿಕಾರದಲ್ಲಿದ್ದರೂ, ಪ್ರಶ್ನಿಸುವವರ ಬಾಯಿ ಮುಚ್ಚಿದಾಗ ಮೊದಲು ನೋಯುವವರು ಬಡವರು ಮತ್ತು ಅಲ್ಪಸಂಖ್ಯಾತರು. ಸುಳ್ಳು ಸುದ್ದಿಯ ಕುರಿತು ಪೋಪ್ ಫ್ರಾನ್ಸಿಸ್ 2018ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶವನ್ನೇ ಮೀಸಲಿಟ್ಟಿದ್ದರು.

ಗುಂಪುಗಳನ್ನು ನಡೆಸುವವರಲ್ಲಿ ನಮ್ಮ ವಿನಂತಿ ಇಷ್ಟೇ. ಹಳೆಯ ಕಾಲವನ್ನು ಹೊಗಳುವ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿರಿ. ಇದು ಯಾವ ವರ್ಷದ ಮಾತು? ಆ ಒಳ್ಳೆಯ ಕೆಲಸ ಆ ಆಡಳಿತದಿಂದಲೇ ಆಯಿತೇ? ಆಗ ಯಾರ ಸುದ್ದಿ ಅಚ್ಚಾಗಲಿಲ್ಲ? ಉತ್ತರ ಗೊತ್ತಿಲ್ಲದಿದ್ದರೆ ಮುಂದಕ್ಕೆ ಕಳುಹಿಸಬೇಡಿರಿ. ಕಳುಹಿಸಿದವರು ಹಿರಿಯರಾದರೆ ಗುಂಪಿನಲ್ಲಿ ಮುಜುಗರಪಡಿಸದೆ ಫೋನ್ ಮಾಡಿ ಮಾತಾಡಿರಿ. ಅಂದು ಜೈಲು ಕಂಡವರು, ಕೆಲಸ ಕಳೆದುಕೊಂಡವರು ನಿಮ್ಮ ಧರ್ಮಕೇಂದ್ರದಲ್ಲಿದ್ದರೆ ಯುವಜನರು ಅವರ ಮನೆಗೆ ಹೋಗಿ ಮಾತುಗಳನ್ನು ದಾಖಲಿಸಿಕೊಳ್ಳಲಿ. ಅಂದು ಮೂವತ್ತು ವಯಸ್ಸಿನವರಾಗಿದ್ದವರು ಇಂದು ಎಂಬತ್ತು ದಾಟಿದ್ದಾರೆ. ಈ ಕೆಲಸ ತಡಮಾಡುವಂಥದ್ದಲ್ಲ.